ಚಾಮರಾಜನಗರಕ್ಕೆ ಬಂದ ಮುಖ್ಯಮಂತ್ರಿಗಳು: ಸಂಗತಿ ನಿಜವಾದ ಮಾತ್ರಕ್ಕೆ ನಂಬಿಕೆಯೂ ನಿಜವೇ?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕ, ಕೊಳ್ಳೇಗಾಲ ತಾಲ್ಲೂಕು)

ಕಳೆದ ವಾರ ಒಂಬತ್ತನೆಯ ತರಗತಿಯಲ್ಲಿ ವೈಜ್ಞಾನಿಕ ಮನೋಭಾವದ ಬಗ್ಗೆ ಪಾಠ ಮಾಡುತ್ತಿದ್ದಾಗ, ನಮ್ಮ ಜಿಲ್ಲಾ ಕೇಂದ್ರಕ್ಕೆ ಕಾಲಿಟ್ಟ ಮುಖ್ಯಮಂತ್ರಿ ಕುರ್ಚಿ ಕಳೆದುಕೊಳ್ಳುತ್ತಾರೆ ಎಂಬ ಮಾತನ್ನು ಮೂಢನಂಬಿಕೆಗೆ ಉದಾಹರಣೆಯಾಗಿ ಕೊಟ್ಟೆ. ಹಿಂದಿನ ಬೆಂಚಿನ ಹುಡುಗಿಯೊಬ್ಬಳು ಎದ್ದು ನಿಂತು, ದೇವರಾಜ ಅರಸು, ಗುಂಡೂರಾವ್, ರಾಮಕೃಷ್ಣ ಹೆಗಡೆ, ಎಸ್.ಆರ್. ಬೊಮ್ಮಾಯಿ, ವೀರೇಂದ್ರ ಪಾಟೀಲ್ ಎಂದು ಬೆರಳು ಮಡಚಿ ಎಣಿಸಿ, “ಇವರೆಲ್ಲ ಬಂದುಹೋದ ಮೇಲೆ ಅಧಿಕಾರ ಕಳೆದುಕೊಂಡದ್ದು ನಿಜ ತಾನೇ ಸರ್? ನಡೆದದ್ದನ್ನು ಮೂಢನಂಬಿಕೆ ಅಂತ ಹೇಗೆ ಹೇಳ್ತೀರಿ?” ಎಂದು ಕೇಳಿದಳು. ನಾನು “ಅದು ಕಾಕತಾಳೀಯ” ಎಂದೆ. ಹಾಗೆನ್ನುವಾಗಲೇ ಅದು ಉತ್ತರವಲ್ಲ, ಉತ್ತರಕ್ಕೆ ಇಟ್ಟ ಹೆಸರು ಮಾತ್ರ ಎಂದು ನನಗೇ ಅನಿಸಿತು. ಆ ಹುಡುಗಿಗೆ ಏನು ಹೇಳಬೇಕಿತ್ತು?

ಉತ್ತರ (ಸಂಖ್ಯಾಶಾಸ್ತ್ರ ಉಪನ್ಯಾಸಕಿ, ಮೈಸೂರು)

ಮೊದಲಿಗೆ ಆಕೆಯ ಪಟ್ಟಿಯನ್ನು ಒಪ್ಪಿಕೊಳ್ಳಿ. ನಡೆದದ್ದನ್ನು ನಡೆದಿಲ್ಲ ಎಂದು ವಾದಿಸುವುದು ವಿಜ್ಞಾನದ ಕೆಲಸವಲ್ಲ. ಆಮೇಲೆ ಆ ಪಟ್ಟಿಯಲ್ಲಿ ಯಾರು ಇಲ್ಲ ಎಂದು ಕೇಳಿ. ಬಂದು ಅಧಿಕಾರ ಕಳೆದುಕೊಂಡವರು, ಬಂದೂ ಉಳಿದವರು, ಬಾರದೆಯೂ ಕಳೆದುಕೊಂಡವರು, ಬಾರದೆ ಉಳಿದವರು ಎಂದು ನಾಲ್ಕು ಮನೆಗಳನ್ನು ಬರೆಸಿದರೆ, ನಂಬಿಕೆ ಬದುಕಿರುವುದು ಮೊದಲನೆಯ ಮನೆಯಲ್ಲಿ ಮಾತ್ರ ಎಂಬುದು ಮಕ್ಕಳ ಕಣ್ಣಿಗೇ ಬೀಳುತ್ತದೆ. 1997ರಲ್ಲಿ ಹೊಸ ಜಿಲ್ಲೆಯ ಉದ್ಘಾಟನೆಯನ್ನು ಜೆ.ಎಚ್. ಪಟೇಲರು ಪಟ್ಟಣದಲ್ಲಿ ಮಾಡದೆ ಮಲೆ ಮಹದೇಶ್ವರ ಬೆಟ್ಟದಲ್ಲಿ ಮಾಡಿದರು. 1999ರ ಚುನಾವಣೆಯಲ್ಲಿ ಅವರ ಅಧಿಕಾರವೂ ಹೋಯಿತು. ಯಡಿಯೂರಪ್ಪನವರು ಪಟ್ಟಣದಿಂದ ದೂರವೇ ಉಳಿದರು. 2011ರಲ್ಲಿ ಅಕ್ರಮ ಗಣಿಗಾರಿಕೆ ಕುರಿತ ಲೋಕಾಯುಕ್ತ ವರದಿಯ ನಂತರ ರಾಜೀನಾಮೆ ಕೊಟ್ಟರು. ಮೂರನೆಯ ಮನೆಗೆ ಸೇರಬೇಕಾದ ಈ ಹೆಸರುಗಳನ್ನು ಯಾರೂ ಬೆರಳು ಮಡಚಿ ಎಣಿಸುವುದಿಲ್ಲ.

ಇನ್ನೊಂದು ಲೆಕ್ಕವನ್ನೂ ಮಾಡಿಸಿ. 1980ರ ಜನವರಿಯಿಂದ 2013ರ ಮೇ ತಿಂಗಳವರೆಗಿನ ಸುಮಾರು 33 ವರ್ಷಗಳಲ್ಲಿ ಕರ್ನಾಟಕವು 14 ಮಂದಿ ಮುಖ್ಯಮಂತ್ರಿಗಳನ್ನು ಕಂಡಿತು, ಅಂದರೆ ಒಬ್ಬೊಬ್ಬರ ಪಾಲಿಗೆ ಸರಾಸರಿ ಎರಡೂವರೆ ವರ್ಷವೂ ಬರಲಿಲ್ಲ. ವಿಧಾನಸಭೆಯ ಒಂದು ಪೂರ್ಣ ಅವಧಿಯನ್ನು ಅವರಲ್ಲಿ ಒಬ್ಬರೂ ಮುಗಿಸಲಿಲ್ಲ. ಕುರ್ಚಿ ಇಷ್ಟು ಅಲುಗಾಡುವ ರಾಜ್ಯದಲ್ಲಿ ಮುಖ್ಯಮಂತ್ರಿ ಯಾವ ಊರಿಗೆ ಹೋಗಿಬಂದರೂ ಸ್ವಲ್ಪ ಕಾಲದಲ್ಲೇ ಅಧಿಕಾರ ಕಳೆದುಕೊಳ್ಳುವ ಸಂಭವ ಹೆಚ್ಚು. ಇದೇ ಮಹನೀಯರು ತುಮಕೂರಿಗೂ ಹೋಗಿದ್ದರು, ಹುಬ್ಬಳ್ಳಿಗೂ ಹೋಗಿದ್ದರು. ಆ ಊರುಗಳ ಮೇಲೆ ಯಾರೂ ಅಪವಾದ ಹೊರಿಸಲಿಲ್ಲ.

ಉತ್ತರ (ನಿವೃತ್ತ ಪತ್ರಕರ್ತ, ಬೆಂಗಳೂರು)

ಮೇಲಿನ ಲೆಕ್ಕ ಸರಿ, ಆದರೆ ಮಕ್ಕಳಿಗೆ ಕಾರಣಗಳನ್ನೂ ಹೇಳಬೇಕು. ಹೆಗಡೆಯವರು 1988ರಲ್ಲಿ ರಾಜೀನಾಮೆ ಕೊಟ್ಟದ್ದು ದೂರವಾಣಿ ಕದ್ದಾಲಿಕೆ ಆರೋಪದಿಂದ. ಎಸ್.ಆರ್. ಬೊಮ್ಮಾಯಿ ಅವರ ಸರ್ಕಾರವನ್ನು 1989ರಲ್ಲಿ ವಜಾ ಮಾಡಿ ರಾಷ್ಟ್ರಪತಿ ಆಳ್ವಿಕೆ ಹೇರಲಾಯಿತು. ಸದನದಲ್ಲಿ ಬಹುಮತ ಸಾಬೀತುಪಡಿಸಲು ಅವರಿಗೆ ಅವಕಾಶವನ್ನೇ ಕೊಡದಿದ್ದುದು ಸರಿಯಲ್ಲವೆಂದು ಸುಪ್ರೀಂ ಕೋರ್ಟ್ 1994ರಲ್ಲಿ ಹೇಳಿತು. ವೀರೇಂದ್ರ ಪಾಟೀಲರು ಅನಾರೋಗ್ಯದಿಂದ ಇದ್ದಾಗಲೇ ಅವರ ಪಕ್ಷದ ವರಿಷ್ಠರು 1990ರಲ್ಲಿ ಅವರನ್ನು ಬದಲಿಸಿದರು.

ಪಟ್ಟಿಗೆ ಆಮೇಲೆ ಸೇರಿಸಿದ ಕುಮಾರಸ್ವಾಮಿಯವರ ಪ್ರಕರಣವಂತೂ ನನಗೆ ಬಹಳ ಸ್ವಾರಸ್ಯವಾಗಿ ಕಾಣುತ್ತದೆ. 2006ರ ಫೆಬ್ರುವರಿಯಲ್ಲಿ ಅವರು ಅಧಿಕಾರ ವಹಿಸಿಕೊಂಡಾಗಲೇ ಇಪ್ಪತ್ತು ತಿಂಗಳ ಬಳಿಕ ಅದನ್ನು ಮಿತ್ರಪಕ್ಷಕ್ಕೆ ಬಿಟ್ಟುಕೊಡುವ ಒಪ್ಪಂದವಾಗಿತ್ತು, ಆ ಗಡುವು 2007ರ ಅಕ್ಟೋಬರಿಗೆ ತೀರುತ್ತಿತ್ತು. ಅವರು ಅದೇ ವರ್ಷ ಚಾಮರಾಜನಗರಕ್ಕೆ ಬಂದರು, ಅಕ್ಟೋಬರಿನಲ್ಲಿ ಅಧಿಕಾರ ಹೋಯಿತು. ಕ್ಯಾಲೆಂಡರಿನಲ್ಲಿ ಮೊದಲೇ ಗುರುತು ಹಾಕಿಟ್ಟ ದಿನ ಬಂದದ್ದಕ್ಕೆ ಊರಿನ ಶಾಪವೇಕೆ ಬೇಕು?

ಪ್ರತಿಕ್ರಿಯೆ (ವ್ಯಾಪಾರಿ, ಹಾಸನ)

ಎಲ್ಲವನ್ನೂ ಅಂಕಿಗಳಲ್ಲಿ ಮುಗಿಸಬೇಡಿ. ಸಿದ್ದರಾಮಯ್ಯನವರು ಹಲವು ಬಾರಿ ಬಂದೂ ಐದು ವರ್ಷ ಪೂರೈಸಿದರು ಎಂದು ನೀವು ಹೇಳಬಹುದು. ಆದರೆ 2018ರಲ್ಲಿ ಅವರು ಚಾಮುಂಡೇಶ್ವರಿ ಕ್ಷೇತ್ರದಲ್ಲಿ ಸೋಲಲಿಲ್ಲವೇ? ಅದೂ ಅಲ್ಲದೆ, ಒಂದು ಊರಿಗೆ ಹೋಗದೆ ಇರುವುದರಿಂದ ಯಾರಿಗೆ ಏನು ನಷ್ಟ?

ಉತ್ತರ (ಸಂಖ್ಯಾಶಾಸ್ತ್ರ ಉಪನ್ಯಾಸಕಿ, ಮೈಸೂರು)

ನಿಮ್ಮ ಮೊದಲ ಮಾತೇ ನನ್ನ ವಾದಕ್ಕೆ ಒಳ್ಳೆಯ ಉದಾಹರಣೆ. ನಂಬಿಕೆ ಹೇಳುತ್ತಿದ್ದುದು ಬಂದುಹೋದ ಕೆಲವೇ ತಿಂಗಳಲ್ಲಿ ಮುಖ್ಯಮಂತ್ರಿ ಪದವಿ ಹೋಗುತ್ತದೆ ಎಂದು. 2013ರಲ್ಲೇ ಬಂದವರು 2018ರವರೆಗೆ ಮುಖ್ಯಮಂತ್ರಿಯಾಗಿಯೇ ಉಳಿದಾಗ, ಅದು ಪದವಿಯ ಮಾತನ್ನು ಬಿಟ್ಟು ಒಂದು ಕ್ಷೇತ್ರದ ಸೋಲನ್ನು ಹಿಡಿದುಕೊಂಡಿತು. ಅದೇ ಚುನಾವಣೆಯಲ್ಲಿ ಬಾದಾಮಿಯಲ್ಲಿ ಅವರು ಗೆದ್ದದ್ದನ್ನು ಬಿಟ್ಟುಬಿಟ್ಟಿತು. ಬಾಣ ಬಿದ್ದ ಜಾಗದ ಸುತ್ತ ಆಮೇಲೆ ಗುರಿಯ ವೃತ್ತ ಬರೆದರೆ ಯಾವ ಬಿಲ್ಲುಗಾರನೂ ಗುರಿ ತಪ್ಪುವುದಿಲ್ಲ.

ಉತ್ತರ ಪ್ರದೇಶದಲ್ಲಿ ನೋಯ್ಡಾದ ಬಗ್ಗೆ ಇಂಥದೇ ನಂಬಿಕೆಯಿತ್ತು. ಅಖಿಲೇಶ್ ಯಾದವ್ ಮುಖ್ಯಮಂತ್ರಿಯಾಗಿ ಅಲ್ಲಿಗೆ ಹೋಗಲೇ ಇಲ್ಲ, ಆದರೂ 2017ರಲ್ಲಿ ಸೋತರು. ಆದಿತ್ಯನಾಥ್ ಅದೇ ವರ್ಷದ ಡಿಸೆಂಬರಿನಲ್ಲಿ ಹೋದರು, 2022ರಲ್ಲಿ ಮತ್ತೆ ಗೆದ್ದರು. ಇದರಿಂದ ನೋಯ್ಡಾ ಶುಭದ ಊರು ಎಂದು ಯಾರಾದರೂ ತೀರ್ಮಾನಿಸಿದರೆ ಅದೂ ತಪ್ಪೇ.

ಶಿಕ್ಷಕರು ಹೇಳಿದ ಪದದ ಬಗ್ಗೆ ಒಂದು ಮಾತು. ಕಾಗೆ ಬಂದು ಕೂರುವುದಕ್ಕೂ ತಾಳೆಯ ಹಣ್ಣು ಬೀಳುವುದಕ್ಕೂ ಸರಿಹೋದದ್ದೇ ಕಾಕತಾಳೀಯ. ಹಣ್ಣು ಬಿದ್ದದ್ದು ತೊಟ್ಟು ಮಾಗಿದ್ದರಿಂದ ಎಂಬ ಅರಿವು ಆ ಪದದ ಒಳಗೇ ಇದೆ. 2016ರ ಜೂನ್‌ನಲ್ಲಿ ಸಿದ್ದರಾಮಯ್ಯನವರ ಸರ್ಕಾರಿ ಕಾರಿನ ಮೇಲೆ ಕಾಗೆಯೊಂದು ಕೂತು ಟಿವಿ ವಾಹಿನಿಗಳಿಗೆ ಹಬ್ಬವಾದದ್ದು ಹಲವರಿಗೆ ನೆನಪಿರಬಹುದು. ಆಮೇಲೆ ಸುಮಾರು ಎರಡು ವರ್ಷ ಯಾವ ಹಣ್ಣೂ ಬೀಳಲಿಲ್ಲ.

ಪ್ರತಿಕ್ರಿಯೆ (ಚಾಮರಾಜನಗರದ ನಿವಾಸಿ)

ಹಾಸನದವರು ನಷ್ಟವೇನೆಂದು ಕೇಳಿದ್ದಾರೆ. ನಿಮ್ಮ ಊರಿನ ಹೆಸರು ಕೇಳಿದೊಡನೆ ಹೊರಗಿನವರು ನಕ್ಕು, “ಅದೇ ಶಾಪದ ಊರಲ್ಲವೇ” ಎಂದರೆ ಹೇಗಿರುತ್ತದೆ, ಯೋಚಿಸಿ. ಮುಖ್ಯಮಂತ್ರಿ ಬರುತ್ತಾರೆಂದರೆ ಅಧಿಕಾರಿಗಳು ಕಡತ ಹುಡುಕುತ್ತಾರೆ, ರಸ್ತೆಯ ಗುಂಡಿ ಮುಚ್ಚುತ್ತದೆ, ಜನರ ಅರ್ಜಿ ನೇರವಾಗಿ ಕೈ ಸೇರುತ್ತದೆ. ವರ್ಷಗಟ್ಟಲೆ ಅದೊಂದೂ ಇಲ್ಲದ ಜಿಲ್ಲಾ ಕೇಂದ್ರ ನಮ್ಮದು. ಹಿಂದುಳಿದ ಜಿಲ್ಲೆ ಎಂದು ಕರೆದವರೇ ಇತ್ತ ತಲೆ ಹಾಕಲು ಹೆದರಿದರು.

ಪ್ರಶ್ನೆ ಕೇಳಿದವರಿಂದ

ನಾಲ್ಕು ಮನೆಗಳ ಪಟ್ಟಿಯನ್ನು ನಿನ್ನೆ ತರಗತಿಯಲ್ಲಿ ಬರೆಸಿದೆ. ಬಸವರಾಜ ಬೊಮ್ಮಾಯಿ ಅವರ ಹೆಸರು ಬಂದಾಗ ಜಗಳವೇ ಆಯಿತು. 2021ರ ಅಕ್ಟೋಬರಿನಲ್ಲಿ ವೈದ್ಯಕೀಯ ಕಾಲೇಜಿನ ಆಸ್ಪತ್ರೆಯ ಉದ್ಘಾಟನೆಗೆ ರಾಷ್ಟ್ರಪತಿಗಳೊಂದಿಗೆ ಬಂದಿದ್ದ ಅವರು, ಸುಮಾರು ಹತ್ತೊಂಬತ್ತು ತಿಂಗಳ ನಂತರ ಚುನಾವಣೆಯಲ್ಲಿ ಅಧಿಕಾರ ಕಳೆದುಕೊಂಡರು. ಅವರನ್ನು ಮೊದಲನೆಯ ಮನೆಗೆ ಸೇರಿಸಬೇಕೋ ಎರಡನೆಯದಕ್ಕೋ? ಎಷ್ಟು ತಿಂಗಳೊಳಗೆ ಎಂಬುದನ್ನು ಮೊದಲೇ ನಿಗದಿ ಮಾಡದೆ ಎಣಿಸುವಂತಿಲ್ಲ ಎಂದು ಅದೇ ಹುಡುಗಿ ಹೇಳಿದಳು. ತರಗತಿಯವರು ಕೈ ಎತ್ತಿ ಆರು ತಿಂಗಳು ಎಂದು ತೀರ್ಮಾನಿಸಿದರು. ಅವಳು ಅದನ್ನು ಪಟ್ಟಿಯ ತಲೆಯಲ್ಲಿ ಬರೆದು, ಮುಂದೆ ಯಾರು ಬಂದರೂ ಅಂದಿನ ದಿನಾಂಕ ತುಂಬಲೆಂದು ಕೆಳಗೆ ಒಂದು ಸಾಲನ್ನು ಖಾಲಿ ಬಿಟ್ಟಿದ್ದಾಳೆ.