ಪದಚರ್ಚೆ: ಗೋಡೆಗೆ ತಾಗಿ ಬೆಳೆದದ್ದು 'ಪೊದೆ' ಅಲ್ಲ, ಗಿಡ

ಗೋಡೆಗೆ ಒತ್ತಿ ಗಿಡ ನೆಡಬಾರದೆಂದು ಹೇಳುವ ಬೋರ್ಡಿಗೆ 'ಗೋಡೆಗುಲ್ಮ' ಎನ್ನಬೇಕೋ 'ಪೊದೆ' ಎನ್ನಬೇಕೋ ಎಂದು ಕೇಳಿದ್ದೀರಿ, ನಾಳೆ ಬೆಳಗ್ಗೆ ಅದನ್ನು ಬರೆಯುವವರು ಬರುತ್ತಾರೆ ಎಂದಿದ್ದೀರಿ. ಅದಕ್ಕೇ ಮೊದಲು ಸಾಲು ಕೊಟ್ಟುಬಿಡುತ್ತೇನೆ: 'ಗೋಡೆಗೆ ತಾಗುವಂತೆ ಗಿಡ ನೆಡಬೇಡಿ. 3 ಅಡಿ ಬಿಡಿ.' ಇಷ್ಟು ಸಾಕು.

'ಗೋಡೆಗುಲ್ಮ' ಖಂಡಿತ ಬೇಡ, ಗುಲ್ಮ ಎಂದರೆ ಸಂಸ್ಕೃತದಲ್ಲಿ ಪೊದೆ. ಕನ್ನಡಕ್ಕೆ ಸಂಸ್ಕೃತ ಬೆಸೆದ ಅರಿಸಮಾಸ ಎನ್ನುವ ಕಾರಣಕ್ಕಲ್ಲ, ಮಳೆಗಾಲವೂ ಅರಿಸಮಾಸವೇ ಅಲ್ವಾ. ಬೋರ್ಡ್ ಓದಬೇಕಾದವರು ಮಾಲಿ. ಗುಲ್ಮ ಎಂದರೆ ಏನೆಂದು ಅವರು ಯಾರನ್ನು ಕೇಳಬೇಕು?

ಪೊದೆ ಅಚ್ಚಗನ್ನಡ, ಒಪ್ಪಿದೆ. ಹಳಗನ್ನಡದ ಪೊದರ್, ತಮಿಳಿನ ಪುದರ್ ಅದರ ನಂಟರು. ಪಾಲ್ ಹಾಲಾಯಿತು, ಪುಲಿ ಹುಲಿಯಾಯಿತು, ಪೊದೆ ಇಂದಿಗೂ ತನ್ನ ಪಕಾರ ಉಳಿಸಿಕೊಂಡಿದೆ. ನನಗೆ ಈ ಪದದ ಮೇಲೆ ಪ್ರೀತಿ ಜಾಸ್ತಿ. ಆದರೆ ಪೊದೆ ತಾನಾಗಿ ಬೆಳೆದದ್ದು, ಮೊಲ ನುಗ್ಗುವ, ಹಾವು ಇದ್ದೀತು ಎಂದು ಹೆದರುವ ಜಾಗ. ಗೇಟಿನ ಪಕ್ಕ ದಿನಾ ನೀರು ಹಾಕಿ ಬೆಳೆಸಿದ್ದನ್ನು ಯಾರೂ ದಾಸವಾಳದ ಪೊದೆ ಅನ್ನುವುದಿಲ್ಲ.

ಧಾರವಾಡದ ಕಡೆ ಬೇವಿನ ಮರವೂ ಬೇವಿನ ಗಿಡವೇ, ಹಾಗಾಗಿ 'ಗಿಡ' ಎಂದರೆ ಗಾತ್ರ ತಿಳಿಯದು ಎಂಬ ನಿಮ್ಮ ಆಕ್ಷೇಪ ಸರಿಯೇ. ಅಲ್ಲಿನವರು ಪೊದೆಗೆ ಹೇಳುವ 'ಕಂಟಿ' ಒಳ್ಳೆಯ ಪದ, ಆದರೆ ಕಂಟಿ ಎಂದ ಕೂಡಲೇ ಮುಳ್ಳು ನೆನಪಾಗುತ್ತದೆ. ಬೋರ್ಡಿಗೆ ಗಿಡದ ಅಗಲ ಅರ್ಥವೇ ಅನುಕೂಲ. ಗೋಡೆ ಬುಡದಲ್ಲಿ ಬೇವೂ ಬೇಡ ತಾನೆ?

ನಿಮಗೆ ಬೇಕಾದ ಅರ್ಥ ಇರುವುದು 'ತಾಗು' ಎಂಬ ಕ್ರಿಯಾಪದದಲ್ಲಿ. ನಮ್ಮ ಮನೆ ಹಿಂದೆ ಗೋಡೆಯಿಂದ ಒಂದೇ ಗೇಣು ಬಿಟ್ಟು ದಾಸವಾಳ ನೆಟ್ಟಿದ್ದೆವು. ಬೆಳೆಯುತ್ತಾ ಗೋಡೆಗೆ ಒತ್ತಿಕೊಂಡಿತು. ಎಲೆಯ ಹಿಂದೆ ಬಿಸಿಲಿಲ್ಲ, ಗಾಳಿಯಿಲ್ಲ, ಮಳೆ ನಿಂತು ಎಷ್ಟೋ ದಿನವಾದರೂ ಗೋಡೆ ಒಣಗುತ್ತಿರಲಿಲ್ಲ. ಒಮ್ಮೆ ಕೊಂಬೆ ಸರಿಸಿ ನೋಡಿದರೆ ಬಣ್ಣ ಉಬ್ಬಿ ಉದುರಿದೆ, ಗೆದ್ದಲಿನ ಮಣ್ಣಿನ ಗೆರೆ ಬೆರಳಿನಷ್ಟು ಅಗಲವಾಗಿ ಕಿಟಕಿ ಚೌಕಟ್ಟಿನವರೆಗೆ ಹತ್ತಿದೆ. ಹೊರಗಿನಿಂದ ಬರೀ ಹೂವು ಕಾಣುತ್ತಿತ್ತು.

ಇನ್ನು ಬಣ್ಣಬಣ್ಣದ ಎಲೆಯ ಕ್ರೋಟನ್‌ಗೆ ಕನ್ನಡ ಹುಡುಕಲೇಬೇಕು ಎಂದು ಸುಮ್ನೆ ಜಗಳ ಬೇಡ. ಬೋಗನ್‌ವಿಲ್ಲಾಗೆ ಜನರೇ ಕಾಗದದ ಹೂ ಎಂದು ಚೆಂದದ ಹೆಸರಿಟ್ಟರು. ಆ 'ಕಾಗದ' ಪಾರಸಿಯಿಂದ ಬಂದದ್ದು. ಹೆಸರು ಹುಟ್ಟಿದ್ದು ಹೂವನ್ನು ಮುಟ್ಟಿ ನೋಡಿದವರ ಬಾಯಲ್ಲಿ, ನಿಘಂಟಿನಲ್ಲಲ್ಲ. ನರ್ಸರಿಯಲ್ಲಿ ಕ್ರೋಟನ್ ಎಂದೇ ಕೇಳುತ್ತಾರೆ, ಹಾಗೇ ಬರೆಯಿರಿ.

ಒಂದು ಮಾತು: 'ಸಮೀಪ' ಎಂದು ಬದಲಾಯಿಸಬೇಡಿ. ಸಮೀಪ ಒಬ್ಬೊಬ್ಬರಿಗೆ ಒಂದೊಂದು ಅಳತೆ. 'ತಾಗುವಂತೆ' ಎನ್ನುವುದನ್ನೇ ದಪ್ಪ ಅಕ್ಷರದಲ್ಲಿ ಬರೆಸಿ.