ಕಣ್ಣು ಕಾಣದವರು ಯಾರ ನೆರವೂ ಇಲ್ಲದೆ ಬಳಸಬಲ್ಲ ಪುಟ್ಟ ರೆಕಾರ್ಡರ್ ಯಾವುದು?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನನಗೆ ಹುಟ್ಟಿನಿಂದಲೂ ದೃಷ್ಟಿಯಿಲ್ಲ. ಫೋನನ್ನೂ ಕಂಪ್ಯೂಟರನ್ನೂ ಪರದೆಯಲ್ಲಿರುವುದನ್ನು ಓದಿ ಹೇಳುವ ಸ್ಕ್ರೀನ್ ರೀಡರ್ ತಂತ್ರಾಂಶದ ನೆರವಿನಿಂದ ಯಾರ ಹಂಗಿಲ್ಲದೆ ಬಳಸುತ್ತೇನೆ. ಹಿರಿಯರ ನೆನಪುಗಳನ್ನು ಅವರವರ ದನಿಯಲ್ಲೇ ಮುದ್ರಿಸಿ ಇಡುವುದು ಕೆಲವು ವರ್ಷಗಳಿಂದ ನಾನು ಮನಸ್ಸಿಟ್ಟು ಮಾಡುತ್ತಿರುವ ಕೆಲಸ. ಇದರ ಜೊತೆಗೆ ನನ್ನ ಸಂಗೀತದ ಪಾಠಗಳನ್ನೂ ಮುದ್ರಿಸಿಕೊಳ್ಳಬೇಕಾಗುತ್ತದೆ.

ಕಳೆದ ತಿಂಗಳು ಎಂಬತ್ತು ದಾಟಿದ ಹಿರಿಯರೊಬ್ಬರು ಒಂದೂವರೆ ಗಂಟೆ ನನ್ನೊಡನೆ ಮಾತನಾಡಿದರು. ನನ್ನಲ್ಲಿರುವ ರೆಕಾರ್ಡರ್‌ನ ಮುದ್ರಣದ ಗುಂಡಿಯನ್ನು ಒಮ್ಮೆ ಒತ್ತಿದರೆ ಯಂತ್ರ ಸಿದ್ಧವಾಗಿ ನಿಲ್ಲುತ್ತದೆ, ಇನ್ನೊಮ್ಮೆ ಒತ್ತಿದಾಗಲೇ ಮುದ್ರಣ ಶುರುವಾಗುತ್ತದೆ. ಈ ಎರಡು ಸ್ಥಿತಿಗಳಿಗೆ ಇರುವ ವ್ಯತ್ಯಾಸ ಮಿನುಗುವ ದೀಪ ಮತ್ತು ಮಿನುಗದ ದೀಪ, ಅಷ್ಟೇ. ನಾನು ಎರಡು ಸಲ ಒತ್ತಿದ್ದು ನಿಜ, ಆದರೆ ಮೊದಲ ಒತ್ತು ಸರಿಯಾಗಿ ತಗುಲಿರಲಿಲ್ಲವೆಂದು ಕಾಣುತ್ತದೆ. ಸಿದ್ಧಸ್ಥಿತಿಯಲ್ಲೂ ಇಯರ್‌ಫೋನಿನಲ್ಲಿ ಅವರ ಮಾತು, ಅವರು ನೀರಿನ ಲೋಟ ಕೆಳಗಿಟ್ಟ ಸದ್ದು, ಎಲ್ಲವೂ ಸ್ಪಷ್ಟವಾಗಿ ಕೇಳುತ್ತಿದ್ದುದರಿಂದ ನನಗೆ ಅನುಮಾನವೇ ಬರಲಿಲ್ಲ. ಮನೆಗೆ ಬಂದು ಕಾರ್ಡನ್ನು ಕಂಪ್ಯೂಟರಿಗೆ ಹಾಕಿದರೆ ಆ ದಿನದ ಫೈಲೇ ಇರಲಿಲ್ಲ.

ಮುದ್ರಣ ನಡೆಯುತ್ತಿದೆಯೋ ಇಲ್ಲವೋ ಎಂಬುದನ್ನು ಬೆರಳಿನಿಂದಲೋ ಕಿವಿಯಿಂದಲೋ ತಿಳಿಯಬಹುದಾದ, ಮೆನುಗಳನ್ನು ಓದಿ ಹೇಳುವ, ದನಿಯ ಏರಿಳಿತ ತೋರಿಸುವ ಪರದೆಯ ಮೇಲಿನ ಮಟ್ಟಸೂಚಕವನ್ನು ನೋಡಲೇಬೇಕಾದ ಅಗತ್ಯವಿಲ್ಲದ ಸಾಧನ ನನಗೆ ಬೇಕು. ಅಂಧರಿಗಾಗಿಯೇ ತಯಾರಿಸಿದ ಯಂತ್ರವನ್ನು ಕೊಳ್ಳಬೇಕೇ, ಎಲ್ಲರೂ ಬಳಸುವ ರೆಕಾರ್ಡರ್ ಸಾಕೇ, ಅಥವಾ ಫೋನನ್ನೇ ನೆಚ್ಚಿಕೊಳ್ಳಬಹುದೇ? ಬಳಸಿ ಅನುಭವವಿರುವವರು ದಯವಿಟ್ಟು ತಿಳಿಸಿ.

ಉತ್ತರ 1

ನಿಮಗಾದ ನಷ್ಟವನ್ನು ಓದಿ ಬಹಳ ಬೇಸರವಾಯಿತು. ನನಗೂ ದೃಷ್ಟಿಯಿಲ್ಲ, ಇಂತಹ ಯಂತ್ರಗಳನ್ನು ಬಹಳ ವರ್ಷಗಳಿಂದ ಬಳಸುತ್ತಿದ್ದೇನೆ. ನನ್ನ ಮಟ್ಟಿಗೆ ಹೇಳುವುದಾದರೆ, ಯಂತ್ರ ಈಗ ಯಾವ ಸ್ಥಿತಿಯಲ್ಲಿದೆ ಎಂಬುದು ನಮಗೆ ಖಚಿತವಾಗಿ ತಿಳಿಯುವಂತಿರಬೇಕು. ಮೈಕ್ ಎಷ್ಟು ಒಳ್ಳೆಯದು ಎಂಬ ಪ್ರಶ್ನೆ ಆಮೇಲಿನದು.

2010ರಲ್ಲಿ ಬಂದ, ಜೂಮ್ ಎಂಬ ಕಂಪನಿಯ ಎಚ್1 ರೆಕಾರ್ಡರ್ ನಮ್ಮಂಥವರಿಗೆ ಅಚ್ಚುಮೆಚ್ಚಾಗಿದ್ದುದು ಈ ಕಾರಣಕ್ಕೇ. ಅದರ ಬೆನ್ನಿನ ಮೇಲೆ ಮೂರು ಜಾರುವ ಸ್ವಿಚ್‌ಗಳಿದ್ದವು: ತಗ್ಗುದನಿಯ ಗದ್ದಲವನ್ನು ಕತ್ತರಿಸಲು ಒಂದು, ದನಿಯ ಮಟ್ಟವನ್ನು ಯಂತ್ರವೇ ಹೊಂದಿಸಿಕೊಳ್ಳಲು ಒಂದು, ಫೈಲು ಕುಗ್ಗಿಸದ ವೇವ್ ಆಗಿರಬೇಕೋ ಕುಗ್ಗಿಸಿದ ಎಂಪಿ3 ಆಗಿರಬೇಕೋ ಎಂದು ಆರಿಸಲು ಇನ್ನೊಂದು. ಹೆಬ್ಬೆರಳನ್ನು ಆಡಿಸಿದರೆ ಸಾಕು, ಯಾವುದು ಎತ್ತ ಇದೆಯೆಂದು ತಿಳಿಯುತ್ತಿತ್ತು. ಮುಂದೆ ಬಂದ ಎಚ್1ಎನ್‌ನಲ್ಲಿ ಆ ಸ್ವಿಚ್‌ಗಳು ಹೋಗಿ, ಪರದೆಯನ್ನು ನೋಡುತ್ತ ಒತ್ತಬೇಕಾದ ಗುಂಡಿಗಳು ಬಂದವು. ಆ ಬದಲಾವಣೆ ನಮಗೆ ನಿಜಕ್ಕೂ ಕಷ್ಟ ತಂದಿತು.

2024ರಲ್ಲಿ ಅದೇ ಕಂಪನಿ ಎಚ್1 ಎಸೆನ್ಷಿಯಲ್, ಎಚ್4 ಎಸೆನ್ಷಿಯಲ್, ಎಚ್6 ಎಸೆನ್ಷಿಯಲ್ ಎಂಬ ಸರಣಿಯನ್ನು ತಂದಿತು. ದೃಷ್ಟಿ ಇಲ್ಲದವರನ್ನು ಗಮನದಲ್ಲಿಟ್ಟುಕೊಂಡು ಮೆನುಗಳಿಗೆ ಧ್ವನಿ ಮಾರ್ಗದರ್ಶನವನ್ನು ಇವುಗಳಲ್ಲಿ ಅಳವಡಿಸಲಾಗಿದೆ. ಇನ್ನೊಂದು ಮುಖ್ಯ ಸಂಗತಿಯೆಂದರೆ, ಇವು 32-ಬಿಟ್ ಫ್ಲೋಟ್ ವಿಧಾನದಲ್ಲಿ ಮುದ್ರಿಸುತ್ತವೆ. ಈ ವಿಧಾನದಲ್ಲಿ ಪಿಸುಮಾತಿನಿಂದ ಹಿಡಿದು ಏರುದನಿಯ ಹಾಡಿನವರೆಗೆ ಎಲ್ಲವೂ ಒಂದೇ ಫೈಲಿನಲ್ಲಿ ಹಿಡಿಸುವುದರಿಂದ ಮುಂಚಿತವಾಗಿ ಮಟ್ಟ ಹೊಂದಿಸುವ ಕೆಲಸವೇ ಇರುವುದಿಲ್ಲ. ದನಿ ಸಣ್ಣದಾಗಿದ್ದರೂ ದೊಡ್ಡದಾಗಿದ್ದರೂ ಆಮೇಲೆ ಕಂಪ್ಯೂಟರಿನಲ್ಲಿ ಸರಿಪಡಿಸಿಕೊಳ್ಳಬಹುದು. ಮಟ್ಟಸೂಚಕ ನೋಡಲಾಗದ ನಮಗೆ ಇದು ದೊಡ್ಡ ಬಿಡುಗಡೆ. ಹಾಗೆಂದು ಮೈಕಿನ ಬಾಯಿಗೇ ತಂಬೂರಿ ಇಟ್ಟು ಮುದ್ರಿಸಬಾರದು, ಏಕೆಂದರೆ ಮೈಕಿನ ಒಳಗೇ ದನಿ ಒಡೆದುಹೋದರೆ ಯಾವ ಫೈಲೂ ಅದನ್ನು ಸರಿಪಡಿಸಲಾರದು.

ಇದರ ಬೆಲೆಯನ್ನು ಕಾರ್ಡಿನ ಜಾಗದಲ್ಲಿ ತೆರಬೇಕಾಗುತ್ತದೆ. 48 ಕಿಲೋಹರ್ಟ್ಸ್, ಸ್ಟೀರಿಯೊ, 32-ಬಿಟ್ ಎಂದರೆ ನಿಮಿಷಕ್ಕೆ ಸುಮಾರು 23 ಎಂಬಿ, ಗಂಟೆಗೆ ಹತ್ತಿರ ಹತ್ತಿರ 1.4 ಜಿಬಿ. ಸಿ.ಡಿ. ಗುಣಮಟ್ಟದ 16-ಬಿಟ್ ವೇವ್ ಫೈಲಿಗೆ ಗಂಟೆಗೆ ಸುಮಾರು 635 ಎಂಬಿ ಸಾಕು. ಒಬ್ಬರನ್ನೇ ಮಾತನಾಡಿಸುವುದಾದರೆ ಎಚ್1 ಎಸೆನ್ಷಿಯಲ್ ಸಾಕು. ದೊಡ್ಡ ಎಕ್ಸ್ಎಲ್ಆರ್ ಪಿನ್ನಿನ ಮೈಕುಗಳನ್ನು ಜೋಡಿಸುವ ಉದ್ದೇಶವಿದ್ದರೆ ಎಚ್4 ಎಸೆನ್ಷಿಯಲ್‌ನಲ್ಲಿ ಎರಡು, ಎಚ್6 ಎಸೆನ್ಷಿಯಲ್‌ನಲ್ಲಿ ನಾಲ್ಕು ಜೋಡಣೆಗಳಿವೆ.

ಉತ್ತರ 2

ಮೇಲಿನ ಉತ್ತರವನ್ನು ಒಪ್ಪುತ್ತೇನೆ, ಆದರೆ ಮಾತಿನ ಮುದ್ರಣವೇ ಮುಖ್ಯವಾಗಿರುವವರಿಗೆ ಅಷ್ಟು ದೊಡ್ಡ ಫೈಲುಗಳು ಹೊರೆಯಾಗಬಹುದು. ನಾನು ಉಪನ್ಯಾಸಗಳಿಗೆ ಬಳಸಿದ್ದು ಒಲಿಂಪಸ್ ಕಂಪನಿಯ ಡಿಎಂ ಸರಣಿಯ ರೆಕಾರ್ಡರ್. ಅದು ಮೆನುವನ್ನೂ ಫೋಲ್ಡರ್‌ಗಳನ್ನೂ ಓದಿ ಹೇಳುತ್ತದೆ, ಅಂಗಿಯ ಜೇಬಿನಲ್ಲಿ ಹಗುರವಾಗಿ ಕೂರುತ್ತದೆ. ಆ ಕಂಪನಿಯ ರೆಕಾರ್ಡರ್ ವಿಭಾಗ 2021ರಿಂದ ಓಎಂ ಡಿಜಿಟಲ್ ಸಲ್ಯೂಷನ್ಸ್ ಎಂಬ ಬೇರೆ ಕಂಪನಿಯ ಕೈಯಲ್ಲಿರುವುದರಿಂದ ಹುಡುಕುವಾಗ ಎರಡೂ ಹೆಸರುಗಳನ್ನು ಹಾಕಿ ನೋಡಿ.

ಅಂಧರಿಗಾಗಿಯೇ ಮಾಡಿದವುಗಳ ಪೈಕಿ ಕೆನಡಾದ ಹ್ಯೂಮನ್‌ವೇರ್ ಕಂಪನಿಯ ವಿಕ್ಟರ್ ರೀಡರ್ ಸ್ಟ್ರೀಮ್ ನನ್ನ ಬಳಿ ಇದೆ. ಫೋನಿನಲ್ಲಿರುವಂತಹ ಅಂಕಿಗಳ ಗುಂಡಿಗಳು, ಒತ್ತಿದ್ದನ್ನೆಲ್ಲ ಹೇಳುವ ದನಿ, ಮುದ್ರಣಕ್ಕೆ ಪ್ರತ್ಯೇಕ ಗುಂಡಿ, ಹೊರಗಿನ ಮೈಕ್ ಜೋಡಿಸುವ ಅನುಕೂಲ ಎಲ್ಲವೂ ಅದರಲ್ಲಿವೆ. ಹಾಗಿದ್ದರೂ ಅದು ಮೂಲತಃ ಡೈಸಿ ಪುಸ್ತಕಗಳನ್ನು, ಅಂದರೆ ಅಂಧರಿಗಾಗಿ ಸಿದ್ಧಪಡಿಸಿದ ಡಿಜಿಟಲ್ ಪುಸ್ತಕಗಳನ್ನು, ಓದಿಸಿಕೊಳ್ಳಲು ಮಾಡಿದ ಯಂತ್ರ. ಟಿಪ್ಪಣಿಗಳಿಗೆ, ತರಗತಿಗೆ ಅದಕ್ಕಿಂತ ನೆಮ್ಮದಿಯ ಸಾಧನವನ್ನು ನಾನು ಕಂಡಿಲ್ಲ. ಮುಂದಿನ ತಲೆಮಾರಿಗೆಂದು ಕಾಪಿಡುವ ಹಿರಿಯರ ದನಿಗೆ, ನಿಮ್ಮ ಸಂಗೀತಕ್ಕೆ, ನಾನಾದರೆ ಅದನ್ನು ಆರಿಸುವುದಿಲ್ಲ.

ಉತ್ತರ 3

ಫೋನಿನ ಬಗ್ಗೆ ಯಾರೂ ಹೇಳಿಲ್ಲವಾದ್ದರಿಂದ ಬರೆಯುತ್ತಿದ್ದೇನೆ. ಐಫೋನಿನಲ್ಲಿ ಅದರದೇ ಸ್ಕ್ರೀನ್ ರೀಡರ್ ಆದ ವಾಯ್ಸ್‌ಓವರ್ ಚಾಲೂ ಇದ್ದಾಗ ವಾಯ್ಸ್ ಮೆಮೋಸ್ ಆ್ಯಪ್‌ನಲ್ಲಿ ಎರಡು ಬೆರಳುಗಳಿಂದ ಎರಡು ಸಲ ತಟ್ಟಿದರೆ ಮುದ್ರಣ ಶುರುವಾಗುತ್ತದೆ, ಮತ್ತೆ ಹಾಗೆಯೇ ತಟ್ಟಿದರೆ ನಿಲ್ಲುತ್ತದೆ. ಹೊಸದಾಗಿ ಕಲಿಯಬೇಕಾದ್ದು ಏನೂ ಇಲ್ಲ. ಆದರೆ ಸ್ಕ್ರೀನ್ ರೀಡರ್‌ನ ದನಿ ಸ್ಪೀಕರಿನಿಂದ ಬಂದರೆ ಅದೂ ಮುದ್ರಣದೊಳಗೆ ಸೇರಿಕೊಳ್ಳುತ್ತದೆ, ನಡುವೆ ಕರೆ ಬಂದರೆ ಕೆಲಸ ಕೆಡುತ್ತದೆ. ಇಯರ್‌ಫೋನ್ ಹಾಕಿಕೊಂಡು, ಏರೋಪ್ಲೇನ್ ಮೋಡ್‌ಗೆ ಹಾಕಿಯೇ ಶುರುಮಾಡಬೇಕು. ರೆಕಾರ್ಡರ್ ಕೊಂಡ ಮೇಲೂ ಫೋನನ್ನು ಪಕ್ಕದಲ್ಲಿ ಎರಡನೆಯ ಪ್ರತಿಗೆಂದು ಓಡಿಸುತ್ತಿರಿ; ನಿಮಗಾದಂತಹ ನಷ್ಟ ತಪ್ಪುತ್ತದೆ.

ಪ್ರಶ್ನೆ ಕೇಳಿದವರಿಂದ

ಮೂವರಿಗೂ ಹೃತ್ಪೂರ್ವಕ ಧನ್ಯವಾದಗಳು. ಆ ಹಿರಿಯರು ಇನ್ನೊಮ್ಮೆ ಮಾತನಾಡಲು ಒಪ್ಪಿದ್ದಾರೆ, ಹಾಗಾಗಿ ಎಚ್1 ಎಸೆನ್ಷಿಯಲ್ ತೆಗೆದುಕೊಳ್ಳಬೇಕೆಂದಿದ್ದೇನೆ. ಎರಡು ಅನುಮಾನಗಳು ಉಳಿದಿವೆ. ಯಂತ್ರವನ್ನು ಮೊದಲ ಸಲ ಹೊಂದಿಸುವುದು ಹೇಗೆ? ದನಿ ಸಣ್ಣದಾಗಿ ಮುದ್ರಣವಾದ ಫೈಲನ್ನು ಆಮೇಲೆ ನಾನೇ ಸರಿಪಡಿಸಿಕೊಳ್ಳಬಲ್ಲೆನೇ?

ಉತ್ತರ 1 ಬರೆದವರಿಂದ

ಪೆಟ್ಟಿಗೆ ಒಡೆಯುವ ಮುನ್ನವೇ ಕೈಪಿಡಿಯನ್ನು ಕಂಪ್ಯೂಟರಿನಲ್ಲಿ ಪೂರ್ತಿ ಓದಿಬಿಡಿ, ಗುಂಡಿಗಳ ಜಾಗ ಮನಸ್ಸಿನಲ್ಲಿ ಕೂರುತ್ತದೆ. ಮೊದಲ ದಿನ ಮಾತ್ರ ಕಣ್ಣಿರುವವರೊಬ್ಬರನ್ನು ಪಕ್ಕದಲ್ಲಿ ಕೂರಿಸಿಕೊಂಡು ಧ್ವನಿ ಮಾರ್ಗದರ್ಶನ, ದಿನಾಂಕ ಮತ್ತು ಸಮಯ ಸರಿಯಾಗಿವೆಯೇ ಎಂದು ಖಚಿತಪಡಿಸಿಕೊಳ್ಳಿ. ದಿನಾಂಕ ತಪ್ಪಾಗಿದ್ದರೆ ಫೈಲುಗಳ ರಾಶಿಯಲ್ಲಿ ಯಾವುದು ಯಾರದೆಂದು ಹುಡುಕುವುದು ತಲೆನೋವಾಗುತ್ತದೆ. ಕಾರ್ಡನ್ನು ಫಾರ್ಮ್ಯಾಟ್ ಮಾಡುವ ಆಯ್ಕೆ ಮೆನುವಿನಲ್ಲಿ ಎಲ್ಲಿದೆ ಎಂದು ತಿಳಿದುಕೊಳ್ಳಿ, ಅತ್ತ ಹೋಗದಿರುವುದಕ್ಕಾಗಿ.

ಫೈಲು ಸರಿಪಡಿಸುವುದು ಸುಲಭ. ದನಿಯ ಫೈಲುಗಳನ್ನು ತಿದ್ದುವ ಅಡಾಸಿಟಿ ತಂತ್ರಾಂಶ ಉಚಿತವಾಗಿ ಸಿಗುತ್ತದೆ, ಎನ್‌ವಿಡಿಎ ಎಂಬ ಸ್ಕ್ರೀನ್ ರೀಡರ್ ಜೊತೆ ಕೀಲಿಮಣೆಯಿಂದಲೇ ನಡೆಯುತ್ತದೆ. ಪೂರ್ತಿ ಆಯ್ಕೆ ಮಾಡಿ ನಾರ್ಮಲೈಸ್ ಎಂಬ ಆಜ್ಞೆ ಕೊಟ್ಟರೆ ದನಿ ಮೇಲೇಳುತ್ತದೆ. ಮುಂದೆ ಹೆಚ್ಚು ಕೆಲಸ ಮಾಡುವುದಾದರೆ ರೀಪರ್ ಎಂಬ ಇನ್ನೂ ದೊಡ್ಡ ತಂತ್ರಾಂಶವನ್ನು ಮತ್ತು ಅದರ ಜೊತೆ ನಮ್ಮಂಥವರಿಗೆಂದೇ ಇರುವ ಓಸಾರಾ ಎಂಬ ಪೂರಕ ತಂತ್ರಾಂಶವನ್ನು ಕಲಿಯಿರಿ.

ಆ ದಿನ ಹೊಸ ಸೆಲ್‌ಗಳನ್ನು ಹಾಕಿಕೊಂಡು ಹೋಗಿ. ಹಿರಿಯರು ಮಾತು ಶುರುಮಾಡುವ ಮುನ್ನ ಅವರ ಹೆಸರು, ಊರುಗಳನ್ನು ಅವರಿಂದಲೇ ಹೇಳಿಸಿ, ಮುದ್ರಣ ನಿಲ್ಲಿಸಿ, ಅದನ್ನು ಅವರ ಎದುರಿಗೇ ಹಾಕಿ ಕೇಳಿ. ತಮ್ಮ ದನಿ ತಮಗೇ ಕೇಳಿಸಿದಾಗ ಅವರಿಗೂ ಸಂಕೋಚ ಕಳೆಯುತ್ತದೆ. ಅದಾದ ಮೇಲೆ ಹೊಸದಾಗಿ ಮುದ್ರಣ ಶುರುಮಾಡಿ, ಗುಂಡಿಗಳು ಕೈತಪ್ಪಿ ಒತ್ತಿಹೋಗದಂತೆ ತಡೆಯುವ ಹೋಲ್ಡ್ ಸ್ವಿಚ್ಚನ್ನು ಜಾರಿಸಿ, ಯಂತ್ರವನ್ನು ಮಡಚಿದ ಬಟ್ಟೆಯ ಮೇಲೆ ಅವರ ಬಾಯಿಂದ ಒಂದು ಮೊಳ ದೂರದಲ್ಲಿ ಇಡಿ.