ಅಪ್‌ಡೇಟ್: ತಮ್ಮನ ಕೌನ್ಸೆಲಿಂಗ್ ಈಗ ಲಾಲ್‌ಬಾಗ್‌ನಲ್ಲಿ

ಕೋಣೆಯಲ್ಲಿ ಕೂತರೆ ಬಾಯೇ ಬಿಡದ ತಮ್ಮನಿಗೆ ಹೊರಗಡೆ ಕೌನ್ಸೆಲಿಂಗ್ ಸರಿಹೋಗುತ್ತಾ ಅಂತ ಕೇಳಿದ್ದೆ. ಸರಿಹೋಗುತ್ತಿದೆ! ಕೌನ್ಸೆಲರ್ ಮೇಡಂ ಬೆಳಗ್ಗೆ ಬೇಗ, ಜನ ಕಮ್ಮಿ ಇರುವಾಗ, ಅವನ ಜೊತೆ ನಡೆಯುತ್ತಾರೆ. ಎದುರುಬದುರು ಕೂರುವುದಿಲ್ಲವಲ್ಲ, ಮುಖ ನೋಡುವ ಸಂಕೋಚವಿಲ್ಲ. ಎದೆ ಬಡಿತ ಜಾಸ್ತಿಯಾದರೆ ಲಾಲ್‌ಬಾಗ್ ಬಂಡೆ ಮೇಲೆ ಅಂಗೈ ಊರಿಸಿ, ಎಷ್ಟು ಒರಟು, ಎಷ್ಟು ತಂಪು ಹೇಳು ಅಂತಾರೆ. ಸುಮಾರು 300 ಕೋಟಿ ವರ್ಷ ಹಳೆಯ ಬಂಡೆ ಅದು.

ಪರಿಚಯದವರು ಎದುರಾದರೆ ಸುಮ್ನೆ ವಾಕಿಂಗ್ ಬಂದವರ ಹಾಗೆ ಮುಂದೆ ಹೋಗುವುದು ಅಂತ ಮೊದಲೇ ಮಾತಾಡಿಕೊಂಡಿದ್ದಾರೆ. ಇದನ್ನು ನೀವೂ ನಿಮ್ಮ ಕೌನ್ಸೆಲರ್ ಹತ್ತಿರ ಮೊದಲೇ ಕೇಳಿಕೊಳ್ಳಿ, ತುಂಬಾ ಮುಖ್ಯ. ಮಾತ್ರೆ ನಿಲ್ಲಿಸಿಲ್ಲ. ಮಳೆ ಬಂದ ದಿನ ಕೋಣೆಯಲ್ಲೇ. ಅಲ್ಲಿ ಅವನು ಈಗಲೂ ಮಾತಾಡುವುದು ಕಷ್ಟ. ರಾತ್ರಿ ಆತಂಕವಾದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್, 14416. ಉಚಿತ, ಕನ್ನಡದಲ್ಲೇ ಮಾತಾಡಬಹುದು.